ನಂದಿ ಬೆಟ್ಟದ ಕಲ್ಯಾಣಿಯಲ್ಲಿ ಕಟ್ಟಿದ ತಾಳಿ

ಗಂಗಲಕ್ಷ್ಮಮ್ಮ, ದಿವಂಗತ ಗೋಪಾಲಪ್ಪನವರ ಹೆಂಡತಿ, 68 ವರ್ಷ, ವ್ಯವಸಾಯ ಮತ್ತು ಹೈನುಗಾರಿಕೆ, ಓದಿದ್ದು ಎಸ್.ಎಸ್.ಎಲ್.ಸಿ., ವಾಸ ಜಡಿಗೇನಹಳ್ಳಿ, ಹೊಸಕೋಟೆ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ.

ನಾನು ಚಿನ್ನದ ತಾಳಿ ಕಿತ್ತುಕೊಂಡು ಹೋದೆನೆಂದು ಅನುಸೂಯಮ್ಮ ಎಂಬವರು ದೂರು ಕೊಟ್ಟಿದ್ದಾರೆಂದು ತಿಳಿದು, ಯಾರೂ ಕರೆಯುವ ಮೊದಲೇ ಠಾಣೆಗೆ ಬಂದು ಈ ಮೂಲಕ ಹೇಳುವುದೇನೆಂದರೆ,

ನನ್ನ ಮಗ ಕೆಂಪರಾಜನ ಮಗಳು ಧನುಶ್ರೀಗೆ 22 ವರ್ಷ. ದೇವನಹಳ್ಳಿ ತಾಲ್ಲೂಕಿನ ವೆಂಕಟರಮಣಪ್ಪ ಮತ್ತು ಅನುಸೂಯಮ್ಮನವರ ಮಗ ಅಂಬರೀಶನಿಗೂ ಅವಳಿಗೂ ಕಳೆದ ಶ್ರಾವಣದಲ್ಲಿ ನಿಶ್ಚಿತಾರ್ಥವಾಗಿತ್ತು. ಮಾಘದಲ್ಲಿ ಮದುವೆ ಎಂದು ಮಾತಾಗಿತ್ತು. ಈ ಹುಡುಗನಿಗೆ ಹಿಂದೆಯೇ ಒಂದು ಕಡೆ ನಿಶ್ಚಿತಾರ್ಥವಾಗಿತ್ತೆಂದೂ, ಆ ಹುಡುಗಿಗೆ ಕೈ ಮಾಡಿದ್ದರಿಂದ ಅದು ಮುರಿಯಿತೆಂದೂ ದೀಪಾವಳಿ ಕಳೆದ ಮೇಲೆ ನನ್ನ ಕಿವಿಗೆ ಬಿತ್ತು. ನಾನೇ ಫೋನ್ ಮಾಡಿ, ಈ ವಿಷಯ ವಿಚಾರಿಸುವವರೆಗೆ ಲಗ್ನಪತ್ರಿಕೆ ಬರೆಸುವುದು ಬೇಡವೆಂದು ಅನುಸೂಯಮ್ಮನವರಿಗೆ ತಿಳಿಸಿದೆ. ಅವರು ಆಗಲಿ ಎಂದರು. ಆದರೆ ಫೋಟೋದವನಿಗೆ ದಿನ ಗೊತ್ತುಮಾಡಿ ಆಗಿದೆ, ಮಕ್ಕಳು ಆಸೆಪಟ್ಟಿದ್ದಾರೆ, ನಂದಿ ಬೆಟ್ಟಕ್ಕೆ ಹೋಗಿ ಫೋಟೋ ಮಾತ್ರ ತೆಗೆಸೋಣ ಎಂದರು. ನಾನು ಅದೂ ಬೇಡವೆಂದೆ. ಬೀಗರಾಗುವವರ ಮನಸ್ಸು ನೋಯಿಸಬಾರದೆಂದು ನನ್ನ ಮಗ ಒಪ್ಪಿಕೊಂಡ. ಹಾಗಾದರೆ ನಾನೂ ಬರುತ್ತೇನೆ ಎಂದೆ. ನನ್ನನ್ನು ಯಾರೂ ಕರೆದಿರಲಿಲ್ಲ.

ದಿನಾಂಕ 16-11-2025 ಭಾನುವಾರ ನಸುಕಿನಲ್ಲಿ ನಾನು, ಕೆಂಪರಾಜ, ಧನುಶ್ರೀ ನಮ್ಮ ಕಾರಿನಲ್ಲಿ ಹೊರಟೆವು. ಸೂರ್ಯ ಹುಟ್ಟುವುದನ್ನು ನೋಡಲು ಬೆಂಗಳೂರಿನಿಂದ ಬಂದ ಕಾರು, ಬೈಕುಗಳು ಬೆಟ್ಟದ ಕೆಳಗೆ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ನಿಂತಿದ್ದವು. ಅವರ ಮನೆಗಳ ಹತ್ತಿರ ಸೂರ್ಯ ಹುಟ್ಟುವುದಿಲ್ಲವೇನೋ ಗೊತ್ತಿಲ್ಲ. ನಾವು ಮೇಲೆ ತಲುಪಿದಾಗ ಏಳು ಗಂಟೆ. ಮಂಜು ಬಿಟ್ಟು ಏನೂ ಕಾಣಿಸಲಿಲ್ಲ. ಹುಡುಗನ ಕಡೆಯವರು ಮೊದಲೇ ಬಂದಿದ್ದರು. ಬೀರೇಶ್ ಎಂಬ ಫೋಟೋಗ್ರಾಫರ್ ಜೊತೆಗಿದ್ದ.

ಅವನು ಹುಡುಗ ಹುಡುಗಿಯನ್ನು ಟಿಪ್ಪು ಕಾಲದ ಕೋಟೆ ಗೋಡೆಯ ಪಕ್ಕ ನಿಲ್ಲಿಸಿ, ಇನ್ನೂ ಹತ್ತಿರ, ಇನ್ನೂ ಹತ್ತಿರ ಎನ್ನುತ್ತಿದ್ದ. ನನ್ನ ಕಡೆ ತಿರುಗಿ, "ಅಜ್ಜಿ, ನೀವು ಫೋಟೋದಲ್ಲಿ ಬರ್ತಾ ಇದೀರ, ಸ್ವಲ್ಪ ಆಚೆ ಹೋಗಿ" ಎಂದ. ನಾನು ಬಂದಿರೋದೇ ಅದಕ್ಕೆ ಕಣಪ್ಪ ಎಂದು ಹೇಳಿದೆ. ಅನುಸೂಯಮ್ಮನವರು ಗಂಡನಿಗೆ, ಇಂಥ ಕಡೆಗೆಲ್ಲ ಮುದುಕೀರು ಯಾಕೆ ಬರ್ತಾರೋ ಎಂದರು. ನನಗೆ ಕೇಳಲಿ ಎಂದೇ ಹೇಳಿದರು. ಅವರು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರಿರಬಹುದು, ಅಷ್ಟೇ.

ಎಂಟೂವರೆಯ ಹೊತ್ತಿಗೆ ಎಲ್ಲರೂ ಅಮೃತ ಸರೋವರ ಎಂಬ ಹಳೆಯ ಕಲ್ಯಾಣಿಯ ಹತ್ತಿರ ಬಂದೆವು. ಅನುಸೂಯಮ್ಮನವರು ಚೀಲದಿಂದ ಹೊಸ ಸೀರೆಯೊಂದನ್ನು ತೆಗೆದು ಧನುಶ್ರೀಗೆ ಉಟ್ಟುಕೊಂಡು ಬರಲು ಹೇಳಿದರು. ಅದು ಧಾರೆಗೆ ಉಡಿಸುವಂಥ ಸೀರೆ. ಇದು ಯಾಕೆ ಎಂದು ಕೇಳಿದೆ. "ಫೋಟೋಗೆ ಕಣಮ್ಮ, ಬಣ್ಣ ಚೆನ್ನಾಗಿ ಬರುತ್ತಂತೆ, ಎಲ್ಲದಕ್ಕೂ ಅನುಮಾನ ನಿಮಗೆ" ಎಂದರು. ಅವಳು ಉಟ್ಟು ಬಂದ ಮೇಲೆ ವೆಂಕಟರಮಣಪ್ಪನವರು ನನ್ನ ಮಗನನ್ನು ನೀರಿನ ಬಾಟಲಿ ತರಲು ಕಳಿಸಿದರು. ಬೆಳೆದ ಗಂಡಸು, ಹೋದ.

ತಾಳಿ ಕಟ್ಟುವ ಹಾಗೆ ಒಂದು ಫೋಟೋ ಇರಲಿ, ಈಗ ಎಲ್ಲರೂ ತೆಗೆಸುತ್ತಾರೆ, ಕಟ್ಟುವುದಿಲ್ಲ, ದಾರವನ್ನು ಸುಮ್ಮನೆ ಹಿಡಿದುಕೊಳ್ಳುವುದು ಎಂದು ಬೀರೇಶ್ ಹೇಳಿದ. ಆ ದಾರ ಇಲ್ಲಿ ತನ್ನಿ ನೋಡೋಣ ಎಂದೆ. ಅಂಗಡಿಯಲ್ಲಿ ಸಿಗುವ ಗಿಲೀಟು, ಅದರಲ್ಲಿ ನೋಡುವುದೇನು ಎಂದು ಅನುಸೂಯಮ್ಮನವರು ನಕ್ಕರು. ನನಗೆ ಮಂಡಿನೋವು ಇರುವುದರಿಂದ ನಾನು ಮೇಲಿನ ಮೆಟ್ಟಿಲಲ್ಲಿ ಕುಳಿತಿದ್ದೆ. ಅವರು ಕೆಳಗೆ, ಸುಮಾರು ಇಪ್ಪತ್ತು ಅಡಿ ದೂರದಲ್ಲಿದ್ದರು. ಹುಡುಗನ ಕೈ ಮೊಮ್ಮಗಳ ಕತ್ತಿನ ಹಿಂದೆ ಹೋಯಿತು. ಬೀರೇಶ್, "ಸಾಕು ಸರ್, ಹಂಗೇ ಇರಿ" ಎಂದು ಕೂಗಿದ. ಹುಡುಗ ನಿಲ್ಲಿಸಲಿಲ್ಲ. ಮೂರು ಗಂಟೂ ಹಾಕಿದ. ಅನುಸೂಯಮ್ಮನವರು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಅಕ್ಷತೆ ತೆಗೆದು ಎರಚಿದರು. ಸುತ್ತ ನಿಂತು ನೋಡುತ್ತಿದ್ದ ಪ್ರವಾಸಿಗರು ಚಪ್ಪಾಳೆ ಹೊಡೆದರು. ಯಾರೋ ಶಿಳ್ಳೆಯನ್ನೂ ಹಾಕಿದರು.

ನಾನು ಮೆಟ್ಟಿಲಿಳಿದು ಹತ್ತಿರ ಹೋದಾಗ ಧನುಶ್ರೀ ತಾಳಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದಳು. "ಅಜ್ಜಿ, ಭಾರ ಇದೆ. ಇದು ಚಿನ್ನದ್ದು" ಎಂದಳು. ನಾನು ಅನುಸೂಯಮ್ಮನವರನ್ನು ಏನಿದು ಎಂದು ಕೇಳಿದೆ. "ಆಗಿದ್ದು ಆಯ್ತಲ್ಲ ಬಿಡಿ. ದೇವರಿರೋ ಬೆಟ್ಟದಲ್ಲೇ ಆಯ್ತು. ಇನ್ನು ಪತ್ರಿಕೆನೂ ಬೇಡ, ನಿಮ್ಮ ವಿಚಾರಣೆನೂ ಬೇಡ" ಎಂದರು. ತನಗೆ ಏನೂ ಗೊತ್ತಿರಲಿಲ್ಲ ಎಂದು ಬೀರೇಶ್ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ. ಅಷ್ಟರಲ್ಲಿ ನನ್ನ ಮಗ ಬಾಟಲಿ ಹಿಡಿದು ಬಂದ. ವಿಷಯ ತಿಳಿದು, "ಅವ್ವ, ಜನ ನೋಡ್ತಾವ್ರೆ, ಗಲಾಟೆ ಬ್ಯಾಡ, ಅವರ ಮನೇಲಿ ಕೂತು ಮಾತಾಡನ" ಎಂದ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸಿದ್ದೇನೆ.

ಅವರು ಧನುಶ್ರೀಯನ್ನು ತಮ್ಮ ಕಾರಿಗೆ ಹತ್ತಿಸಿದರು. ನಾನೂ ಅದನ್ನೇ ಹತ್ತಿದೆ. ಜಾಗವಿಲ್ಲ, ಇಳಿಯಿರಿ ಎಂದರು. ಇಳಿಯಲಿಲ್ಲ. ಕೆಂಪರಾಜ ನಮ್ಮ ಕಾರಿನಲ್ಲಿ ಹಿಂದೆ ಬಂದ. ಬೆಟ್ಟದ ತಿರುವುಗಳನ್ನು ಇಳಿಯುವಾಗ ಧನುಶ್ರೀ ದಾರಕ್ಕೆ ಕೈ ಹಾಕಿದಳು. ಮುಂದಿನ ಸೀಟಿನಲ್ಲಿದ್ದ ಅಂಬರೀಶ ಹಿಂದೆ ತಿರುಗಿ ಅವಳ ಮಣಿಕಟ್ಟು ಹಿಡಿದು ತಿರುಚಿದ. "ಇನ್ನೊಂದ್ಸಲ ಮುಟ್ಟು, ತೋರಿಸ್ತೀನಿ" ಎಂದ. ಎರಡು ಗಾಜಿನ ಬಳೆ ಒಡೆದು ಅವಳ ಕೈಗೆ ಗಾಯವಾಯಿತು. ಆ ಗಾಯವನ್ನು ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೇಬಲ್ ನೋಡಿದ್ದಾರೆ. ನಾನು ಮಾಡಬೇಕೆಂದಿದ್ದ ವಿಚಾರಣೆ ಅಲ್ಲಿಗೆ ಮುಗಿಯಿತು.

ಹತ್ತೂಕಾಲಿಗೆ ಅವರ ಮನೆ ಮುಂದೆ ಇಳಿದೆವು. ಬಾಗಿಲಿಗೆ ಹಸಿ ಮಾವಿನ ತೋರಣ ಕಟ್ಟಿತ್ತು. ಹೊಸ್ತಿಲ ಮೇಲೆ ಸೇರಿನ ತುಂಬ ಅಕ್ಕಿ ಇತ್ತು. ಇಬ್ಬರು ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಫೋಟೋ ತೆಗೆಸಲು ಹೋದವರ ಮನೆಯ ಹೊಸ್ತಿಲಲ್ಲಿ ಸೇರಕ್ಕಿ ಕಾಯುತ್ತಿರುವುದಿಲ್ಲ. ಬಲಗಾಲಿಂದ ಒದ್ದು ಒಳಗೆ ಬಾರಮ್ಮ ಎಂದು ಅನುಸೂಯಮ್ಮನವರು ಧನುಶ್ರೀಯ ಬೆನ್ನ ಮೇಲೆ ಕೈಯಿಟ್ಟು ನೂಕಿದರು. ಹುಡುಗಿ ಕಾಲು ಎತ್ತಲಿಲ್ಲ.

ನಾನು ಅವಳ ಮತ್ತು ಹೊಸ್ತಿಲ ನಡುವೆ ಹೋಗಿ ನಿಂತೆ. ಅವಳ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡು, ಕತ್ತಿನ ಹಿಂದಿನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದೆ. ನನ್ನ ಯಜಮಾನರು ತೀರಿಕೊಂಡ ಹನ್ನೊಂದನೆಯ ದಿನ ನನ್ನ ತಾಳಿಯನ್ನು ಬೇರೆ ಹೆಂಗಸರು ಹೀಗೇ ತೆಗೆದಿದ್ದರು. ಆದ್ದರಿಂದ ಅವಸರ ಮಾಡದೆ, ನೋವಾಗದ ಹಾಗೆ ತೆಗೆಯುವುದು ನನಗೆ ಗೊತ್ತಿತ್ತು. ಅನುಸೂಯಮ್ಮನವರು, "ಗಂಡ ಸತ್ತೋಳು ತಾಳಿಗೆ ಕೈ ಹಾಕ್ಬಿಟ್ಳಲ್ಲಪ್ಪೋ, ನನ್ನ ಮಗ ಬದುಕಿರುವಾಗ್ಲೇ" ಎಂದು ಬೀದಿಗೆ ಕೇಳುವ ಹಾಗೆ ಕೂಗಿದರು. ನಾನೂ ಅಷ್ಟೇ ಗಟ್ಟಿಯಾಗಿ ಕೇಳಿದೆ. "ಧಾರೆ ಎರೆದೋರು ಯಾರು? ಸೋದರಮಾವ ಎಲ್ಲಿದ್ದ? ತಾಳಿ ತಟ್ಟೆ ಯಾರ್ಯಾರ ಕೈ ಮುಟ್ಟಿ ಬಂತು? ಹೇಳು." ಆರತಿ ಹಿಡಿದಿದ್ದ ಒಬ್ಬ ಹೆಂಗಸು ತಟ್ಟೆಯನ್ನು ಕೆಳಗಿಟ್ಟರು. ಅಂಬರೀಶ ನನ್ನ ಮೇಲೆ ಕೈ ಎತ್ತಿಕೊಂಡು ಬಂದ. ಆಗ ನನ್ನ ಮಗ ಕೆಂಪರಾಜ ಅಡ್ಡ ಬಂದು ಆ ಕೈ ಹಿಡಿದ. ಅದನ್ನೂ ಬರೆದುಕೊಳ್ಳಬೇಕು.

ತಾಳಿಯನ್ನು ದಾರದ ಸಮೇತ ಠಾಣೆಯಲ್ಲಿ ಹಾಜರುಪಡಿಸಿದ್ದೇನೆ. ದಾರ ಎಲ್ಲಿಯೂ ಹರಿದಿಲ್ಲ, ಕತ್ತರಿಸಿಲ್ಲ. ಕಿತ್ತುಕೊಂಡದ್ದು ಹಾಗಿರುವುದಿಲ್ಲ. ಅದು ಅವರ ಚಿನ್ನ. ನೀವೇ ಅವರಿಗೆ ಕೊಡಿ, ನನ್ನ ಕೈಯಿಂದ ಅವರಿಗೆ ಏನನ್ನೂ ಕೊಡುವುದಿಲ್ಲ. ಮೋಸದಿಂದ ತಾಳಿ ಕಟ್ಟಿದ್ದಕ್ಕೆ ಮತ್ತು ಮೊಮ್ಮಗಳ ಕೈ ತಿರುಚಿ ಗಾಯ ಮಾಡಿದ್ದಕ್ಕೆ ಅವರ ಮೇಲೆ ಕ್ರಮ ಜರುಗಿಸಬೇಕೆಂದು ಕೋರುತ್ತೇನೆ.

ಠಾಣೆಯಲ್ಲಿ ಅನುಸೂಯಮ್ಮನವರು, ತಾಳಿ ಬಿಚ್ಚಿದ ಹೆಣ್ಣನ್ನು ಇನ್ನು ಯಾರು ಮಾಡಿಕೊಳ್ಳುತ್ತಾರೆ, ಈಗಲೂ ಕಳಿಸಿದರೆ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿದರು. ಮಹಿಳಾ ಹೆಡ್ ಕಾನ್‌ಸ್ಟೇಬಲ್ ಧನುಶ್ರೀಯನ್ನು, ನಿನಗೆ ಮದುವೆ ಆಗಿದೆಯೇನಮ್ಮ ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ಹುಟ್ಟಿದಾಗಿನಿಂದ ನನ್ನನ್ನು ಕೇಳದೆ ಅವಳು ಏನನ್ನೂ ಮಾಡಿದವಳಲ್ಲ. ನನ್ನ ಮುಖ ನೋಡಬೇಡ, ಮೇಡಂ ಮುಖ ನೋಡಿ ಹೇಳು ಎಂದೆ. ಅವಳು ಅವರ ಕಡೆ ತಿರುಗಿ, ಆಗಿಲ್ಲ ಮೇಡಂ ಎಂದು ಹೇಳಿದಳು. ಇನ್ನೊಮ್ಮೆ, ಯಾರೂ ಕೇಳದಿದ್ದರೂ, ಆಗಿಲ್ಲ ಎಂದಳು.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನೂ ಕನ್ನಡಕ ಹಾಕಿಕೊಂಡು ಓದಿದೆ. ಮೊದಲ ಪುಟದಲ್ಲಿ "ಮೊಮ್ಮಗಳ ಗಂಡ ಅಂಬರೀಶ್" ಎಂದು ಬರೆದುಕೊಂಡಿದ್ದರು. ಅದನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ಧನುಶ್ರೀಯ ಕೈಯಲ್ಲೇ ರುಜು ಹಾಕಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ದೇವನಹಳ್ಳಿ ತಾಲ್ಲೂಕು
ದಿನಾಂಕ: 16-11-2025

(ಸಹಿ) ಗಂಗಲಕ್ಷ್ಮಮ್ಮ