ನಿಂಬೆ ಹಿಂಡಿದ ಮುಲೂಖಿಯಾ

...ಪುಡಿ ಎಲ್ಲಿಗೂ ಓಡಿಹೋಗಲ್ಲ ಡಾಕ್ಟರೇ, ಮೊದಲು ಊಟ ಮುಗಿಸಿ. ಮಗಳ ಪ್ರೊಫೆಸರು ಬರಿಹೊಟ್ಟೆಯಲ್ಲಿ ಎದ್ದುಹೋದರು ಅಂದರೆ ಅಲೆಕ್ಸಾಂಡ್ರಿಯಾ ತುಂಬ ನನ್ನ ಮಾನ ಹೋಗುತ್ತೆ. ನಿವೀನ್ ರೊಟ್ಟಿ ತರೋಕೆ ಹೋಗಿದ್ದಾಳೆ. ಬಂದಮೇಲೆ ಡಬ್ಬಿ ಅವಳೇ ಕೊಡ್ತಾಳೆ.

ಫ್ರಿಜ್ ಕಡೆ ಯಾಕೆ ನೋಡ್ತೀರಿ? ನಿಮ್ಮ ಲ್ಯಾಬಿನದು ಕೆಟ್ಟಿತು ಅಂತ ತಾನೇ ಪುಡಿಯನ್ನ ಇಲ್ಲಿ ತಂದಿಟ್ಟಳು. ಅವಳ ಒಂದು ವರ್ಷದ ದುಡಿಮೆ ಅದು. ನಾಳೆ ಪರೀಕ್ಷಕರ ಕಣ್ಣೆದುರೇ ಮಾಡಿ ತೋರಿಸಬೇಕು, ಪುಡಿ ಇಲ್ಲದಿದ್ದರೆ ಪದವಿಯೂ ಇಲ್ಲ... ನನಗೆ ಗೊತ್ತಿಲ್ಲವೇ? ಅದಕ್ಕೆ ಬೇಕಾದ ಸೀಗಡಿ ಸಿಪ್ಪೆಯನ್ನೆಲ್ಲ ಸುಲಿದುಕೊಟ್ಟವಳು ನಾನು. ನಾನೂ ಕೆಮಿಸ್ಟ್ರಿ ಪದವೀಧರೆ. ಆ ಪುಡಿಯಿಂದ ಕಣ್ಣಿಗೆ ಕಾಣದ ಉಂಡೆ ಕಟ್ಟೋದು, ಅದರೊಳಗೆ ಔಷಧಿ ತುಂಬೋದು. ಉಂಡೆ ಜೀವಕೋಶದೊಳಗೆ ನುಗ್ಗಿ, ಔಷಧಿ ಇಳಿಸಿ, ತಾನು ಕರಗಿಹೋಗುತ್ತೆ. ಒಳ್ಳೆಯ ಅತಿಥಿಯ ಹಾಗೆ, ತಂದದ್ದು ಕೊಟ್ಟು ಸದ್ದಿಲ್ಲದೆ ಹೊರಡೋದು.

ನಗಬೇಡಿ, ನಿಮಗೆ ಹೇಳಿದ್ದಲ್ಲ. ಇನ್ನೊಂದು ಸೌಟು ಹಾಕಿಸಿಕೊಳ್ಳಿ.

ನಿಮ್ಮ ಮನೆಯ ಮುಲೂಖಿಯಾ ಸಾರಿನಲ್ಲಿ ಸೊಪ್ಪು ತಳ ಸೇರಿ ಮೇಲೆ ನೀರು ನಿಲ್ಲುತ್ತಂತೆ? ನಿಮ್ಮ ಹೆಂಡತಿ ಬಾಯಿ ಮುಚ್ಚಿಕೊಂಡು ಒಗ್ಗರಣೆ ಹಾಕಿದರೆ ಇನ್ನೇನಾಗುತ್ತೆ! ಬೆಳ್ಳುಳ್ಳಿ ಚುರ್ ಅನ್ನುವಾಗ ‘ಹ್ಹಾ’ ಅಂತ ಉಸಿರೆಳೆಯಬೇಕು, ಆಗಲೇ ಸೊಪ್ಪು ತಳ ಸೇರದೆ ನಿಲ್ಲೋದು. ವಿಜ್ಞಾನ ಒಪ್ಪಲ್ಲ, ನಿಜ. ಆದರೆ ನನ್ನದು ಒಂದು ಸಲವೂ ತಳ ಸೇರಿಲ್ಲ, ನನ್ನ ನಾದಿನಿ ಬಹೀಜಾಳನ್ನೇ ಕೇಳಿ. ಇವತ್ತು ಒಗ್ಗರಣೆ ಹೊತ್ತಿಗೆ ಫೋನಿನಲ್ಲಿ ಅವಳೇ ಇದ್ದಳು. ನಾಳೆ ನಮ್ಮ ನಿವೀನ್ ಡಾಕ್ಟರಾಗ್ತಾಳೆ ಅಂತ ಹೇಳ್ತಿದ್ದೆ, ಹೇಳ್ತಾನೇ ಇದ್ದೆ...

ಎಳೆದೆ. ಉಸಿರು ಎಳೆದೇ ಇರಬೇಕು. ಮಾತಾಡ್ತಾ ಹೇಗೆ ಎಳೆದಿರಿ ಅಂತೀರಾ? ನೀವು ಸುಮ್ಮನೆ ಉಣ್ಣಿ.

ಎಷ್ಟು ಗಟ್ಟಿ ನಿಂತಿದೆ ನೋಡಿ. ಮೊದಲು ಏನೂ ಆಗಲಿಲ್ಲ. ನಿಂಬೆ ಹಿಂಡಿದ್ದೇ ತಡ, ಉಬ್ಬಿ ಬಿಗಿದುಕೊಂಡಿತು. ಹುಳಿ ಬೀಳದೆ ಅದು ನೀರಲ್ಲಿ ಕರಗೋದೇ ಇಲ್ಲ, ನಿಮಗೆ ನಾನು ಹೇಳಬೇಕೆ...

ಚಮಚ ಯಾಕೆ ಕೆಳಗಿಟ್ಟಿರಿ?

ಸೊಪ್ಪು. ನಾನು ಸೊಪ್ಪಿನ ವಿಷಯ ಹೇಳಿದ್ದು.

ಡಾಕ್ಟರೇ, ಹಾಗೆ ನೋಡಬೇಡಿ. ಬೈದುಬಿಡಿ... ಪುಡಿಗೆ ಔಷಧಿ ಇನ್ನೂ ತುಂಬಿರಲಿಲ್ಲ, ನಿಮಗೇನೂ ಆಗಲ್ಲ. ದೇಹದೊಳಗೆ ಕುರುಹಿಲ್ಲದೆ ಕರಗುತ್ತೆ ಅಂತ ನೀವೇ ಬರೆದಿದ್ದೀರಲ್ಲ.

ಮೆಟ್ಟಿಲ ಮೇಲೆ ಅವಳ ಹೆಜ್ಜೆ ಸಪ್ಪಳ. ಬೇಗ ಕೇಳಿ. ಡಬ್ಬಿ ಖಾಲಿ ಮಾಡಿದ್ದು ನಾನೇ ಅಂತ ಅವಳಿಗೆ ಹೇಳಿ. ಅಮ್ಮನಿಗೆ ಅರಳುಮರಳು ಅಂತಲೂ ಹೇಳಿ. ಮುಲೂಖಿಯಾ ತಳ ಸೇರಿತ್ತು ಅಂತ ಮಾತ್ರ ಹೇಳಬೇಡಿ. ಬಹೀಜಾಗೆ ಗೊತ್ತಾಗಿಬಿಡುತ್ತೆ.