ನುಂಗಿಕೊಂಡ ಅರ್ಧ ಪ್ರಾರ್ಥನೆ

ಪ್ರಿಯರೇ, ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂದ ಕೂಡಲೇ ನೀವೆಲ್ಲ ಆರಾಮವಾಗಿ ಬೆನ್ನು ಒರಗಿಸಿ ಕೂರುತ್ತೀರಿ. ಯಾಕೆ? ಶ್ರೀಮಂತನ ಕಥೆ ಅಂದರೆ ಅದು ನಮ್ಮದಲ್ಲ, ಮುಂದಿನ ಬೆಂಚಿನವರದ್ದು! ಇರಲಿ, ಒರಗಿಕೊಳ್ಳಿ. ನೆಟ್ಟಗೆ ಕೂರುವ ಹೊತ್ತು ಆಮೇಲೆ ಬರುತ್ತದೆ.

ಬಯಲುಸೀಮೆಯ ಒಂದು ಊರಿನಲ್ಲಿ ಅಂಥ ಒಬ್ಬ ಶ್ರೀಮಂತ ಇದ್ದ. ಬೇಕರಿ ಇಟ್ಟಿದ್ದ. ಬೆಳಗಾದರೆ ಅಂಗಡಿಯ ಮುಂದೆ ಜನ 'ಬನ್ ಬೇಕ್ರೀ, ಖಾರಿ ಬೇಕ್ರೀ' ಅಂತ ಸಾಲು ನಿಲ್ಲುತ್ತಿದ್ದರು. ಬೇಕರಿ ಅನ್ನುವ ಹೆಸರು ಇಂಗ್ಲಿಷಿನದಲ್ಲ, ನಮ್ಮ ಉತ್ತರ ಕರ್ನಾಟಕದ್ದೇ ಅಂತ ಅವನು ಗಲ್ಲಾದಲ್ಲಿ ಕೂತು ತಮಾಷೆ ಮಾಡುತ್ತಿದ್ದ. ಅವನಿಗೊಂದು ಹೆಸರು ಬೇಕಲ್ಲ, ಜಯಶೀಲಪ್ಪ ಅಂತ ಇಟ್ಟುಕೊಳ್ಳೋಣ. ಚರ್ಚಿನ ಸಭೆಯ ಹಿರಿಯ. ಕರ್ತನ ಭೋಜನದ ಮೇಜಿಗೆ ಬರುವ ರೊಟ್ಟಿಯೂ ಅವನ ಭಟ್ಟಿಯಿಂದಲೇ ಬರಬೇಕು.

ನೋಡಿ, ಅವನಿಗೆ ದೇವರು ಇನ್ನೊಂದು ವರ ಕೊಟ್ಟಿದ್ದ. ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ಪಾಸ್ಟರ್ ಅಯ್ಯನವರು ಪ್ರಸಂಗದ ನಡುವೆ ನೀರು ಕುಡಿದು 'ಹಾ' ಅನ್ನುವುದು, ಸಭೆಯ ಸೆಕ್ರೆಟರಿ ಮೂಗಿನಲ್ಲೇ ಕಾಣಿಕೆ ಕೇಳುವುದು, ಓಣಿಯ ಅತ್ತೆಮ್ಮನವರೊಬ್ಬರು ಸೊಸೆಯ ಚಹಾ ಕುಡಿದು ಒಂದೂ ಮಾತಾಡದೆ ಲೋಟ ಕೆಳಗಿಡುವುದು. ಮಾತಿಲ್ಲದ್ದನ್ನೂ ಅನುಕರಿಸಿ ತೋರಿಸುವ ಗಂಡಸು! ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವನ ಹೆಂಡತಿ ಲಿಲ್ಲಿಯವ್ವ. ಒಬ್ಬಳೇ ಮಗಳು, ಯೂನಿಕೆ. ಕಾಲೇಜಿಗೆ ಕಾಲಿಟ್ಟ ಹುಡುಗಿ, ಸಭೆಯ ಗಾಯನ ಮಂಡಳಿಯಲ್ಲಿ ಮೇಲಿನ ದನಿಗೆ ಅವಳೇ ಆಧಾರ. ಒಂದು ಡಿಸೆಂಬರಿನಲ್ಲಿ, ಕ್ರಿಸ್ಮಸ್ ಹಾಡುಗಳನ್ನು ಮನೆಮನೆಗೆ ಹಾಡಿಕೊಂಡು ಹೋಗುವ ವಾರದಲ್ಲಿ, ಆ ಹುಡುಗಿ ಸತ್ತಳು. ಹೃದಯಕ್ಕೆ ಸೋಂಕು ತಗುಲಿದೆ ಅಂದರು ಡಾಕ್ಟರು. ಆಸ್ಪತ್ರೆಗೆ ಸೇರಿಸಿದ ಮಾರನೆಯ ದಿನವೇ ಎಲ್ಲ ಮುಗಿದಿತ್ತು.

ಸಮಾಧಿಯಾದ ಮೇಲೆ ಮನೆಯಲ್ಲಿ ನೊಂದವರನ್ನು ಸಂತೈಸುವ ಆದರಣೆ ಕೂಟ. ನಮ್ಮಲ್ಲೂ ಇದೆಯಲ್ಲ? ಹೆಸರು ಎಷ್ಟು ಚೆಂದ, ಆದರಣೆ! ಆದರೆ ಅಲ್ಲಿ ಆದರಣೆ ಪಡೆಯುವವರು ಯಾರು? ಬಂದವರು! ದುಃಖದಲ್ಲಿದ್ದ ಮನೆಯವರೇ ಎದ್ದು ನಿಲ್ಲಬೇಕು, ಕೊಟ್ಟವನೇ ಕರೆಸಿಕೊಂಡ ಅಂತ ಸಾಕ್ಷಿ ಹೇಳಬೇಕು, ಸ್ತೋತ್ರ ಅನ್ನಬೇಕು. ಬಂದವರು ಅದನ್ನು ಕೇಳಿ, ಎಂಥಾ ನಂಬಿಕೆಯಪ್ಪಾ ಅಂತ ಧೈರ್ಯ ತಂದುಕೊಂಡು, ಅವಲಕ್ಕಿ ತಿಂದು ಮನೆಗೆ ಹೋಗುತ್ತಾರೆ.

ಅವತ್ತು ಮೊದಲ ಹಾಡು ಶುರುವಾದಾಗ ಲಿಲ್ಲಿಯವ್ವನ ಬಾಯಿಂದ ಒಂದು ಕೂಗು ಹೊರಟಿತು. ಹಾಡಿನ ದನಿಗಿಂತ ದೊಡ್ಡ ಕೂಗು. ಕೂತವರೆಲ್ಲ ತಲೆ ತಗ್ಗಿಸಿದರು. ಜಯಶೀಲಪ್ಪ ಬಗ್ಗಿ ಹೆಂಡತಿಯ ಕಿವಿಯಲ್ಲಿ ಹೇಳಿದ, "ಸುಮ್ಕಿರ, ಲಿಲ್ಲೀ. ನಂಬಿಕಿ ಇಲ್ದವರಂಗ ಅಳಬ್ಯಾಡ. ಮಂದಿ ನೋಡಾಕತ್ತಾರ."

ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೂಗು ಅಲ್ಲಿಗೇ ನಿಂತಿತು. ಅವತ್ತು ನಿಂತದ್ದು ಬಹಳ ದಿನ ಮತ್ತೆ ಹೊರಡಲೇ ಇಲ್ಲ.

ಅವನು ಎದ್ದು ನಿಂತು ಸಾಕ್ಷಿ ಹೇಳಿದ. ಒಂದು ಹನಿ ಕಣ್ಣೀರಿಲ್ಲ. ಸೆಕ್ರೆಟರಿಯವರು ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೂಗಿನಲ್ಲೇ ಅಂದರು, "ಜಯಶೀಲಪ್ಪ ಅಂದ್ರ ಜಯಶೀಲಪ್ಪನ ನೋಡ್ರಿ. ಹೆಸರಿಗೆ ತಕ್ಕಂಗ ಜಯ!" ಆ ಮೇಲೆ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಸಾಕ್ಷಿಗೆ ಅವನನ್ನೇ ಕರೆಸಿದರು. ಹೋದ, ಹೇಳಿದ. ಅಳುವ ತಾಯಂದಿರನ್ನೆಲ್ಲ ಸುಮ್ಮನಾಗಿಸಿ ಬಂದ.

ಆದರೆ ಪ್ರಿಯರೇ, ಅವನಿಗೆ ನುಂಗಲು ಬರದಂತಾಯಿತು.

ಮೊದಲು ಖಾರಿ ಬಿಸ್ಕತ್ತು ಇಳಿಯಲಿಲ್ಲ. ಆಮೇಲೆ ಅನ್ನ. ಕೊನೆಗೆ ಗಂಜಿ, ಹಾಲು, ಚಹಾ, ಅಷ್ಟೇ. ಗಟ್ಟಿಯಾದದ್ದು ಏನೇ ಬಾಯಿಗಿಟ್ಟರೂ ಗಂಟಲ ಹತ್ತಿರ ಯಾರೋ ಒಳಗಿನಿಂದ ಅಗುಳಿ ಹಾಕಿದ ಹಾಗೆ. ಹುಬ್ಬಳ್ಳಿಗೆ ಹೋಗಿ ಕೊಳವೆ ಇಳಿಸಿ ನೋಡಿಸಿದ. ಏನೂ ಇಲ್ಲ, ಗಂಟಲು ಸ್ವಚ್ಛ ಇದೆ ಅಂದರು. ಅವನ ಅಂಗಿಯ ಕಾಲರಿನಲ್ಲಿ ಎರಡು ಬೆರಳು ಹೋಗುವಷ್ಟು ಜಾಗವಾಯಿತು. ಕರ್ತನ ಭೋಜನದ ಭಾನುವಾರ ತಾನೇ ಸುಟ್ಟು ತಂದ ರೊಟ್ಟಿಯ ಚೂರನ್ನು ದವಡೆಯಲ್ಲಿ ಇಟ್ಟುಕೊಂಡು ಹೊರಗೆ ಬಂದು, ಯಾರಿಗೂ ಕಾಣದಂತೆ ಕರವಸ್ತ್ರಕ್ಕೆ ತೆಗೆದ. ಎಲ್ಲಿ ಬಿಸಾಡಲಿ ಅದನ್ನು? ಕರ್ತನ ಶರೀರ ಅಂತ ಕೈಗೆ ತೆಗೆದುಕೊಂಡದ್ದು! ಕರವಸ್ತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ನಡೆದ. ಹೀಗೇ ಹೋದರೆ ಇವನು ಮಗಳ ಪಕ್ಕದಲ್ಲಿ ಮಲಗುವ ದಿನ ದೂರವಿಲ್ಲ ಅಂತ ಹೆಂಡತಿಗೂ ಗೊತ್ತಾಗಿತ್ತು, ಅವನಿಗೂ ಗೊತ್ತಾಗಿತ್ತು.

ಅದೇ ಸಭೆಯಲ್ಲಿ ದೋರ್ಕಮ್ಮ ಅಂತ ಒಬ್ಬರಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾಗಿ, ಆಪ್ತಸಲಹೆಯ ತರಬೇತಿ ಮಾಡಿಕೊಂಡು ಬಂದವರು. ಆರಾಧನೆ ಮುಗಿದ ಮೇಲೆ ಭಾನುವಾರ ಶಾಲೆಯ ಕೋಣೆಯಲ್ಲಿ ಕೂತು ನೊಂದವರ ಮಾತು ಕೇಳುತ್ತಿದ್ದರು. ಅವರ ಹತ್ತಿರ ಒಂದು ವಿಧಾನ ಇತ್ತು. ಟ್ಯಾಪಿಂಗ್ ಅನ್ನುತ್ತಾರೆ. ಬೆರಳ ತುದಿಯಿಂದ ಅಂಗೈಯ ಅಂಚು, ಹುಬ್ಬಿನ ಬುಡ, ಕಣ್ಣ ಕೆಳಗೆ, ಕೊರಳ ಎಲುಬಿನ ಹತ್ತಿರ ಮೆಲ್ಲಗೆ ತಟ್ಟುತ್ತಾ, ಒಳಗಿರುವ ನೋವನ್ನು ಬಾಯಿಬಿಟ್ಟು ಹೇಳುವುದು. ದೋರ್ಕಮ್ಮ ಅದನ್ನು ಪ್ರಾರ್ಥನೆಯೊಳಗೆ ಇಟ್ಟುಕೊಂಡಿದ್ದರು.

ಸೆಕ್ರೆಟರಿ ಬಿಡುತ್ತಾರೆಯೇ? "ಏನವ್ವಾ ದೋರ್ಕಮ್ಮ, ಇದೇನ್ ಮಂತ್ರಾನೋ, ತಂತ್ರಾನೋ? ಬೈಬಲ್‌ನ್ಯಾಗ ಎಲ್ಲೈತಿ ಇದು?"

"ಕೆಮ್ಮಿನ ಔಷಧಿ ಬಾಟ್ಲಿ ಮ್ಯಾಲ ಶಿಲುಬಿ ಇರ್ತೈತೇನ್ರೀ ಅಣ್ಣಾರ? ಕುಡೀತೀರಿಲ್ಲೋ?" ಅಂದರು ದೋರ್ಕಮ್ಮ. "ಬೈಬಲ್‌ನ್ಯಾಗಿನ ಆ ಸುಂಕದವ ದೇವಾಲಯದಾಗ ತಲಿ ಎತ್ತದ ಎದಿ ಬಡ್ಕೊಂಡನಲ್ರೀ. ಅವನ ಕೈಗೆ ಯಾರೂ ಮಂತ್ರ ಅನ್ಲಿಲ್ಲ. ವಾಸಿ ಮಾಡಾಂವ ದೇವರು. ಬೆರಳು ಬರೇ ಬೆರಳು."

ಒಂದು ಭಾನುವಾರ ಜಯಶೀಲಪ್ಪನೂ ಹೋಗಿ ದೋರ್ಕಮ್ಮನ ಮುಂದೆ ಕೂತ. ದೋರ್ಕಮ್ಮ ಹೇಳಿಕೊಟ್ಟರು, "ಇದರಾಗ ಎರಡು ಅರ್ಧ ಅದಾವ್ರಿ. ಮೊದಲಿನ ಅರ್ಧದಾಗ ನೋವು ಇದ್ದದ್ದು ಇದ್ದಂಗ ಹೇಳ್ಬೇಕು. 'ಕರ್ತನೇ, ನನ್ನೊಳಗ ಇಂಥಾದ್ದು ಐತಿ' ಅಂತ. ಆಮ್ಯಾಲೆ ಎರಡನೇ ಅರ್ಧ, 'ಇಷ್ಟಿದ್ದರೂ ನೀ ನನ್ನನ್ನ ಪ್ರೀತಿಸ್ತಿ' ಅಂತ. ಎಲ್ಲಾರಿಗೂ ಇದರಿಂದ ಆರಾಮ ಆಗ್ತೈತಿ ಅಂತ ನಾ ಹೇಳೂದಿಲ್ರಿ. ಡಾಕ್ಟರ್ ಕಡೆ ಹೋಗೂದೂ ಬಿಡಬ್ಯಾಡ್ರಿ."

ಹಿಟ್ಟು ತಟ್ಟಿ ಗೊತ್ತಿದ್ದ ಕೈ, ಕೆಲಸಗಾರರ ಬೆನ್ನು ತಟ್ಟಿ ಗೊತ್ತಿದ್ದ ಕೈ. ತನ್ನ ಎದೆ ತಟ್ಟಿಕೊಳ್ಳಲು ಅದಕ್ಕೆ ನಾಚಿಕೆ. ಆದರೂ ಭಟ್ಟಿಯ ಹಿಂದೆ, ಮೈದಾ ಚೀಲಗಳ ಮರೆಯಲ್ಲಿ ನಿಂತು ತಟ್ಟಿಕೊಂಡ. ಕೆಲಸದವನೊಬ್ಬ ಇಣುಕಿ, "ಯಜಮಾನ್ರ, ಸೊಳ್ಳಿ ಭಾಳ ಆಗ್ಯಾವೇನ್ರೀ?" ಅಂದ. ಇವನು ಅವನನ್ನು ಬೈದು ಕಳಿಸಿ ಮತ್ತೆ ತಟ್ಟಿಕೊಂಡ. ವಾರಗಳು ಹೋದವು. ಗಂಟಲು ತೆರೆಯಲಿಲ್ಲ.

ಮತ್ತೆ ಹೋದ. "ಎಲ್ಲಾ ಸುಳ್ರೀ ಸಿಸ್ಟರ್. ಕೊರಳ ಹತ್ರ ಕೆಂಪಾಗೇತಿ, ಅಷ್ಟ."

"ಹೆಂಗ ಮಾಡಿದ್ರಿ? ತೋರಸ್ರಿ."

ಅವನು ಕಣ್ಣು ಮುಚ್ಚಿ ತಟ್ಟುತ್ತಾ ಶುರು ಮಾಡಿದ. "ಕರ್ತನೇ, ನೀ ನನ್ನನ್ನ ಪ್ರೀತಿಸ್ತಿ, ನಿನಗ ಸ್ತೋತ್ರ. ನೀ ನನ್ನನ್ನ ಪ್ರೀತಿಸ್ತಿ, ನಿನಗ ಸ್ತೋತ್ರ..."

ದೋರ್ಕಮ್ಮ ಅವನ ಕೈ ಹಿಡಿದು ನಿಲ್ಲಿಸಿದರು. "ಹಿರ್ಯಾರ, ಮೊದಲಿನ ಅರ್ಧ ಎಲ್ಲಿ ಹೋತ್ರೀ?"

ಕೇಳಿದಿರಾ? ಇಷ್ಟು ದಿನ ಅವನು ಎರಡನೆಯ ಅರ್ಧವನ್ನಷ್ಟೇ ಹೇಳಿದ್ದ! ಬೇರೆ ಯಾರಾದರೂ ಆಗಿದ್ದರೆ ನೋವಿನ ಮಾತೇ ಮೊದಲು ಹೊರಬರುತ್ತಿತ್ತು. ಈ ತಪ್ಪು ಮಾಡಲು ಸಭೆಯಲ್ಲೇ ಹುಟ್ಟಿ, ಸಭೆಯಲ್ಲೇ ಬೆಳೆದಿರಬೇಕು. ಸ್ತೋತ್ರ ಅನ್ನುವುದು ನಮ್ಮ ಬಾಯಿಗೆ ಎಷ್ಟು ರೂಢಿಯಾಗಿದೆ ಅಂದರೆ, ಕಾಲಿಗೆ ಮೊಳೆ ಚುಚ್ಚಿದರೂ ಮೊದಲು ಸ್ತೋತ್ರ, ಆಮೇಲೆ ಅಯ್ಯೋ.

"ದೇವರ ಮುಂದ ಗುಣುಗುಟ್ಟಬಾರದ್ರೀ," ಅಂದ ಜಯಶೀಲಪ್ಪ.

"ಹೌದೇನ್ರೀ? ದೇವರಿಗೆ ಗೊತ್ತಿಲ್ದ ಸುದ್ದಿ ಏನರ ಹೇಳ್ತೀರೇನು ನೀವು?"

ದೋರ್ಕಮ್ಮನೇ ಅವನ ಅಂಗೈಯ ಅಂಚನ್ನು ತಟ್ಟತೊಡಗಿದರು. ಮೆಲ್ಲಗೆ, ಕೂಸನ್ನು ಮಲಗಿಸುವ ಹಾಗೆ. "ಕರ್ತನೇ, ನನ್ನೊಳಗ..." ಅಂತ ಎತ್ತಿಕೊಟ್ಟು ಅಲ್ಲಿಗೇ ಬಿಟ್ಟರು.

ಅವನ ಕಣ್ಣ ಮುಂದೆ ತನ್ನ ಮನೆಯ ಪಡಸಾಲೆ ಬಂತು. ಗಾಯನ ಮಂಡಳಿಯವರೆಲ್ಲ ಕೇಕು ತಿನ್ನುತ್ತಾ ಕೂತಿದ್ದಾರೆ. ಇನ್ನೇನು ಹಾಡಲು ಹೊರಡಬೇಕು. ಯೂನಿಕೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ಅಪ್ಪಾ, ಎದಿ ಹಿಡದಂಗ ಆಗಾಕತ್ತೈತಿ. ಇವತ್ತ ಒಂದಿನ ನಾ ಬರೂದಿಲ್ಲ" ಅನ್ನುತ್ತಿದ್ದಾಳೆ. ಅವನೇನು ಮಾಡಿದ? ಡಾಕ್ಟರನ್ನು ಕರೆದನೇ? ಹತ್ತಿರ ಹೋಗಿ ಹಣೆ ಮುಟ್ಟಿದನೇ? ಅವನ ಮುಂದೆ ನಗಲು ಕಾದು ಕೂತ ಜನ ಇದ್ದರು, ಪ್ರಿಯರೇ. ಅವನು ಎದೆಯ ಮೇಲೆ ಕೈಯಿಟ್ಟು, ಕುತ್ತಿಗೆ ಓರೆ ಮಾಡಿ, ಮಗಳದೇ ದನಿ ತೆಗೆದು, ಆ ಮಾತನ್ನೇ ಅವಳಿಗೆ ತಿರುಗಿ ಹೇಳಿದ. ಅಚ್ಚು ಯೂನಿಕೆಯೇ! ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಹುಡುಗಿಯೂ ನಕ್ಕಳು. ನಕ್ಕು, ದುಪಟ್ಟಾ ಹೊದ್ದುಕೊಂಡು, ಎಲ್ಲರ ಜೊತೆ ಹೊರಟಳು. ಮನೆಯಿಂದ ಮನೆಗೆ ನಡೆದು ಹಾಡಿದಳು. ಬೆಳಗ್ಗೆ ಏಳಲಿಲ್ಲ; ಎತ್ತಿಕೊಂಡೇ ಆಸ್ಪತ್ರೆಗೆ ಹೋಗಬೇಕಾಯಿತು.

ಭಾನುವಾರ ಶಾಲೆಯ ಕೋಣೆಯಲ್ಲಿ, ಚಿಕ್ಕ ಮಕ್ಕಳ ಬೆಂಚಿನ ಮೇಲೆ ಕೂತಿದ್ದ ಆ ದೊಡ್ಡ ಮನುಷ್ಯನ ಗಂಟಲಿನಿಂದ ಹೊರಗೆ ಬಂದದ್ದು ಅವನ ದನಿಯಲ್ಲ.

"ಅಪ್ಪಾ, ಎದಿ ಹಿಡದಂಗ ಆಗಾಕತ್ತೈತಿ."

ಅಷ್ಟು ದಿನ ಅಲ್ಲಿ ಅಡ್ಡಲಾಗಿ ಕೂತದ್ದು ಅದೇ ಆಗಿತ್ತು. ಈ ಸಲ ಯಾರೂ ನಗಲಿಲ್ಲ. ಅವನು ಬೆಂಚಿನಿಂದ ಜಾರಿ ನೆಲದ ಮೇಲೆ ಕೂತು, ಹಣೆಯನ್ನು ಮೊಣಕಾಲಿಗೆ ಒತ್ತಿ ಅತ್ತ. "ಅಣಗಿಸಿದ್ನಿ ಕರ್ತನೇ, ನನ್ನ ಕೂಸು ಸಾಯಾಕತ್ತಿತ್ತು, ನಾ ಅಣಗಿಸಿದ್ನಿ!" ದೋರ್ಕಮ್ಮ ಸ್ತೋತ್ರ ಅನ್ನಲಿಲ್ಲ, ಸಾಕು ಅನ್ನಲಿಲ್ಲ. ಅವನ ಪಕ್ಕದಲ್ಲಿ ನೆಲಕ್ಕೆ ಕೂತು ಅವನ ಕೈ ತಟ್ಟುತ್ತಲೇ ಇದ್ದರು. ತುಂಬ ಹೊತ್ತಾದ ಮೇಲೆ ಅವನು ಎರಡನೆಯ ಅರ್ಧವನ್ನು ಹೇಳಿದ. ಹೇಳಿದ ಅಂದರೆ, ಕೇಳಿದ. "ಇಷ್ಟಾದ ಮ್ಯಾಲೂ ಪ್ರೀತಿಸ್ತಿಯೇನು?"

ಮನೆಗೆ ಬಂದಾಗ ಲಿಲ್ಲಿಯವ್ವ ಹಿತ್ತಲ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಅವನು ಎದುರಿಗೆ ಕೂತು, ಆ ದಿನದ ಸಂಗತಿಯನ್ನೆಲ್ಲ ಹೇಳಿದ. ಹೆಂಡತಿ ಬೈಯಲಿ, ಹೊಡೆಯಲಿ, ತವರಿಗೆ ಹೋಗಲಿ ಅಂತ ಸಿದ್ಧನಾಗಿಯೇ ಹೇಳಿದ.

ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಂಗ ಗೊತ್ತೈತ್ರೀ," ಅಂದಳು. "ಅಡಗೀಮನ್ಯಾಗ ಚಹಾ ಸೋಸಾಕತ್ತಿದ್ನಿ. ಕೇಳಿಸ್ತು."

"ಮತ್ತ... ಇಷ್ಟು ದಿನ ನನಗ ಒಂದು ಮಾತರ..."

"ಏನಂತ ಹೇಳ್ಲಿ? ನಾನೂ ನಕ್ಕಿದ್ನಿ."

ಅವನು ಸೊಪ್ಪನ್ನು ಪಕ್ಕಕ್ಕೆ ಸರಿಸಿ ಆಕೆಯ ಹತ್ತಿರ ಜರುಗಿದ.

"ಅವತ್ತ ಕೂಟದಾಗ ಅದ ನೆನಪಾಗಿ ಕೂಗು ಬಂತ್ರೀ. ನೀವು ಅಳಬ್ಯಾಡ ಅಂದ್ರಿ. ನಕ್ಕಾಕಿಗೆ ಅಳೂ ಹಕ್ಕಿಲ್ಲ ಅಂತ ದೇವರ ನಿಮ್ಮ ಬಾಯಾಗಿಂದ ಹೇಳಿಸ್ದಂಗಾತು ನಂಗ. ಸುಮ್ಮನಾದ್ನಿ."

ಎಂಥಾ ಮಾತು ನೋಡಿ! ಒಂದೇ ಮನೆ, ಒಂದೇ ಹಾಸಿಗೆ, ಒಂದೇ ಕಲ್ಲು ಇಬ್ಬರ ಎದೆಯ ಮೇಲೆ. ಇಬ್ಬರೂ ಸ್ತೋತ್ರ ಹೇಳಿಕೊಂಡು ಒಬ್ಬರಿಗೊಬ್ಬರು ಕಾಣದ ಹಾಗೆ ಹೊತ್ತಿದ್ದರು.

ಅವನು ಆಕೆಯ ಹಸಿರು ಹತ್ತಿದ ಕೈ ತೆಗೆದುಕೊಂಡು ಅಂಗೈಯ ಅಂಚನ್ನು ತಟ್ಟಿದ. "ಹೇಳು, ಲಿಲ್ಲೀ. ಮೊದಲಿನ ಅರ್ಧ ಹೇಳು." ಆಕೆಯ ಬಾಯಿಂದ ಅರ್ಧಕ್ಕೇ ನಿಂತಿದ್ದ ಆ ಕೂಗು ಬಂತು. ಓಣಿಯೆಲ್ಲ ಕೇಳುವಂತೆ ಬಂತು. ಜನ ಓಡಿ ಬಂದರು, ಎಲ್ಲರಿಗಿಂತ ಮುಂದೆ ಸೆಕ್ರೆಟರಿ. "ಏನಾತವ್ವಾ, ಸಮಾಧಾನ ಮಾಡ್ಕೋ, ಸ್ತೋತ್ರ ಹೇಳು..."

ಜಯಶೀಲಪ್ಪ ಕಣ್ಣೊರೆಸಿಕೊಳ್ಳದೆಯೇ ಬಾಗಿಲಿಗೆ ಬಂದ. "ಅಣ್ಣಾರ, ಇವತ್ತ ಸಾಕ್ಷಿ ಇಲ್ರಿ. ನಾವು ಅಳಾಕತ್ತೀವಿ. ಕೂಡ್ರತೀರಿ ಅಂದ್ರ ಸುಮ್ನ ಕೂಡ್ರಿ. ಇಲ್ಲಾಂದ್ರ ನಾಳಿ ಬರ್ರಿ."

ಗಂಟಲು ತೆರೆಯಿತೇ ಅಂತ ಕೇಳುತ್ತೀರಿ. ಅಂದೇ ತೆರೆಯಲಿಲ್ಲ. ಚಹಾದಲ್ಲಿ ನೆನೆಸಿದ ಬನ್ನು ಇಳಿಯಿತು. ಬೇಸಿಗೆ ಬರುವ ಹೊತ್ತಿಗೆ ಮೆತ್ತಗಿನ ಅನ್ನ. ಮನುಷ್ಯ ಉಳಿದ. ಆದರೆ ಮಗಳು ಬರಲಿಲ್ಲ, ಪ್ರಿಯರೇ. ಯಾರ ಬೆರಳು ಎಲ್ಲಿ ತಟ್ಟಿದರೂ ಆ ಹುಡುಗಿ ಬಾಗಿಲ ಚೌಕಟ್ಟಿಗೆ ಮತ್ತೆ ಬಂದು ಒರಗುವುದಿಲ್ಲ. ಆ ದುಃಖ ಅವರಿಬ್ಬರ ಜೊತೆ ಇದೆ. ಈಗ ಅದನ್ನು ಇಬ್ಬರೂ ಸೇರಿ ಹೊರುತ್ತಿದ್ದಾರೆ, ಅಷ್ಟೇ.

ಈಗ ನೆಟ್ಟಗೆ ಕೂರಿ.

ನಿನ್ನೆ ಮೊನ್ನೆ ನೀವು ಹೋಗಿ ಬಂದ ಸಾವಿನ ಮನೆಯಲ್ಲಿ ಏನು ಹೇಳಿ ಬಂದಿರಿ? 'ಅಳಬೇಡಿ' ಅಂತ ತಾನೇ? ಯಾರು ಕೊಟ್ಟರು ನಿಮಗೆ ಆ ಅಧಿಕಾರ? ಗೆಳೆಯನ ಸಮಾಧಿಯ ಮುಂದೆ ನಮ್ಮ ಕರ್ತನೇ ಅತ್ತನಲ್ಲ! ಇನ್ನೊಂದು ಗಳಿಗೆಗೆ ಅವನನ್ನು ಸಾವಿನಿಂದ ಎಬ್ಬಿಸುವೆನೆಂದು ಗೊತ್ತಿದ್ದೂ ಅತ್ತ. ನೀವು ಕರ್ತನಿಗಿಂತ ದೊಡ್ಡ ನಂಬಿಕೆಯವರೇ? ಇನ್ನು ಮೇಲೆ ಆದರಣೆ ಕೂಟಕ್ಕೆ ಹೋದರೆ ಸಾಕ್ಷಿ ಕೇಳಬೇಡಿ. ಒಂದು ಡಬ್ಬಿ ಅನ್ನ ಸಾರು ತೆಗೆದುಕೊಂಡು ಹೋಗಿ, ಅಳುವವರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ಬನ್ನಿ. ಮನೆಯಲ್ಲಿ ಮಗು ನೋವು ಅಂದರೆ ನಗುವ ಮೊದಲು ಹಣೆ ಮುಟ್ಟಿ. ಮತ್ತೆ ಮದುವೆಯಾದವರೇ, ಇವತ್ತು ಊಟವಾದ ಮೇಲೆ ಟಿವಿ ಹಾಕುವ ಮುನ್ನ ಒಬ್ಬರನ್ನೊಬ್ಬರು ಕೇಳಿ, ನೀನು ಏನನ್ನು ನುಂಗಿಕೊಂಡಿದ್ದೀ ಅಂತ. ಕೇಳಿ, ಉತ್ತರಕ್ಕೆ ಕಾಯಿರಿ. ನಡುವೆ ಬೈಬಲ್ ವಾಕ್ಯ ತೆಗೆದು ಓದಬೇಡಿ.

ದೋರ್ಕಮ್ಮನಂಥವರು ನಿಮ್ಮ ಊರಿನಲ್ಲಿದ್ದರೆ ಹೋಗಿ, ನಾಚಿಕೆಪಡಬೇಡಿ. ಡಾಕ್ಟರ ಮಾತ್ರೆ ಇದ್ದರೆ ಅದನ್ನೂ ನುಂಗಿ. ಬೆರಳನ್ನು ದೇವರು ಮಾಡಿಕೊಳ್ಳಬೇಡಿ. ಬೆರಳು ಕೊಟ್ಟವನು ದೇವರು ಅನ್ನುವುದನ್ನೂ ಮರೆಯಬೇಡಿ.

ಈಗ ಕೊನೆಯ ಹಾಡಿಗೆ ಯಾರೂ ಏಳಬೇಡಿ. ಹಾರ್ಮೋನಿಯಂ ಮುಚ್ಚಿಡಪ್ಪಾ. ಎಲ್ಲರೂ ಬಲಗೈ ಎದೆಯ ಮೇಲಿಟ್ಟುಕೊಳ್ಳಿ. ತಟ್ಟಿಕೊಳ್ಳುತ್ತೀರೋ, ಸುಮ್ಮನೆ ಇಟ್ಟುಕೊಳ್ಳುತ್ತೀರೋ, ನಿಮಗೆ ಬಿಟ್ಟದ್ದು. ಎರಡನೆಯ ಅರ್ಧ ನಿಮಗೆಲ್ಲ ಬಾಯಿಪಾಠ ಇದೆ, ಅದು ಆಮೇಲೆ ಇರಲಿ. ಮೊದಲಿನದನ್ನು ಹೇಳಿ. ಪಕ್ಕದವರಿಗೆ ಕೇಳಿಸದಿದ್ದರೂ ನಡೆಯುತ್ತದೆ. ಪಕ್ಕದವರು ಅತ್ತರೆ, ಯಾರೂ ಅವರನ್ನು ಸುಮ್ಮನಾಗಿಸಬೇಡಿ.