ಮೂಡಲಿಗೆ ವಾಲಿದ ಒಲೆಗಳು

ಕೂತ್ಕೊಳ್ಳಿ, ಕಾಲು ಮಡಿಸಿಕೊಳ್ಳಿ, ಹೂಂಗುಟ್ಟುವವರು ಮುಂದೆ ಬನ್ನಿ, ನಿದ್ದೆ ಮಾಡುವವರು ಹಿಂದೆ ಹೋಗಿ. ಏಳು ಹೊಲ ದಾಟಿ, ಏಳು ಹಳ್ಳ ಹಾರಿ, ಆಚೆಗೊಂದು ನಾಡಿತ್ತು. ನಾಡಿಗೊಂದು ಹೆಸರೂ ಇತ್ತು. ಈಗ ಅದನ್ನು ಹೇಳಿದರೆ ನಮ್ಮೂರಿಗೇ ಅಂದರು ಅಂತ ಯಾರಾದರೂ ಜಗಳಕ್ಕೆ ಬರುತ್ತೀರಿ. ಬೇಡ ಬಿಡಿ.

ಆ ನಾಡನ್ನು ಬಿಂಕರಾಜ ಅಂತ ಒಬ್ಬ ದೊರೆ ಆಳುತ್ತಿದ್ದ. ದೊರೆಗೆ ಅಡುಗೆ ಮಾಡಿ ಹಾಕುತ್ತಿದ್ದವಳು ಸಿದ್ದಾಜಮ್ಮ. ಇಪ್ಪತ್ತೆರಡು ವರ್ಷ, ಅದೇ ಒಲೆ, ಅದೇ ಗೋಡೆ, ಅದೇ ಹೊಗೆ. ಹೊಗೆ ಅಂದರೆ ಎಂಥ ಹೊಗೆ ಅಂತೀರಿ? ಒಳಗೆ ಹೋದ ಬೆಕ್ಕು ಬಿಳಿಯದೋ ಕರಿಯದೋ ಅಂತ ಹೊರಗೆ ಬಂದ ಮೇಲೇ ಗೊತ್ತಾಗಬೇಕು. ಆಗಲೂ ಕರಿಯದೇ.

ಒಂದು ದಿನ ಪಂಡಿತರು ಸಿದ್ದಾಜಮ್ಮನ ರೆಪ್ಪೆ ಬಿಡಿಸಿ ನೋಡಿ ಹೇಳಿದರು, "ಇನ್ನೊಂದು ವರ್ಷ ಈ ಹೊಗೆ ಕುಡಿದರೆ ಆಮೇಲೆ ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ನೆಕ್ಕಿಯೇ ನೋಡಬೇಕು ತಾಯಿ."

ಸಿದ್ದಾಜಮ್ಮ ಕೈ ಒರೆಸಿಕೊಂಡು ನೇರ ದೊರೆಯ ಮುಂದೆ ನಿಂತಳು. "ಒಡೆಯಾ, ಹೊಸ ಅಡುಗೆಮನೆ ಬೇಕು."

"ಇರೋದಕ್ಕೆ ಏನಾಗಿದೆ, ಸಿದ್ದಾಜಿ? ನಮ್ಮಪ್ಪನ ಕಾಲದ್ದು."

"ನಿಮ್ಮಪ್ಪಾಜಿ ಕಾಲದ್ದೇ. ಆದರೆ ಅವರು ಅದರೊಳಗೆ ಒಂದು ಸಲವೂ ಕಾಲಿಡಲಿಲ್ಲ. ಅದಕ್ಕೇ ನೂರು ವರ್ಷ ಬದುಕಿದರು."

ದೊರೆ ತಲೆ ಕೆರೆದುಕೊಂಡ. ಹಸಿದವನು ಅಡುಗೆಯವಳ ಜೊತೆ ವಾದ ಮಾಡಬಾರದು, ಅಷ್ಟು ಬುದ್ಧಿ ಅವನಿಗಿತ್ತು. ಡಂಗುರ ಸಾರಿಸಿದ. ಮೂವರು ಬಂದರು.

ಮೊದಲನೆಯವನು ಜಂಬಣ್ಣ. ದೊಡ್ಡ ಪಟ್ಟಣದವನು, ಮೂರು ಗಾಡಿ ತುಂಬ ನವಿಲು ಕೊರೆದ ಕಂಬ ತಂದಿದ್ದ. ಬಂದವನೇ ನೂಲು ಹಿಡಿದು ದೊರೆಯ ಎತ್ತರ ಅಳೆದ. "ಒಲೆಕಟ್ಟೆ ಪ್ರಭುಗಳ ಘನತೆಗೆ ತಕ್ಕಂತೆ ಇರಬೇಕು" ಅಂದ. ಆ ಘನತೆ ಸಿದ್ದಾಜಮ್ಮನ ಗಂಟಲಿನವರೆಗೆ ಬರುತ್ತಿತ್ತು.

"ಹೊಗೆ ಎಲ್ಲಿಂದ ಹೋಗುತ್ತಪ್ಪಾ?" ಅಂತ ಕೇಳಿದಳು.

"ಹೊಗೆ ಹೊರಗೆ ಹೋದರೆ ಅರಮನೆಯಲ್ಲಿ ಇವತ್ತು ಒಗ್ಗರಣೆ ಸೀದಿದೆ ಅಂತ ಊರಿಗೆಲ್ಲ ಗೊತ್ತಾಗುತ್ತೆ. ಮರ್ಯಾದೆ ಏನಾಗಬೇಕು?"

ಎರಡನೆಯವನು ಕೆಂಪರಾಯ. ರಾಣಿಯ ಚಿಕ್ಕಪ್ಪನ ಷಡ್ಡಕನ ಮಗ. ಅವನು ಏನನ್ನೂ ಅಳೆಯಲಿಲ್ಲ. "ನಮ್ಮವರ ಮನೆಗೆ ಅಳತೆ ಯಾಕೆ?" ಅಂತ ಎಲೆಅಡಿಕೆ ಹಾಕಿಕೊಂಡು ಕೂತ.

"ಹೊಗೆ?" ಅಂದಳು ಸಿದ್ದಾಜಮ್ಮ.

"ಕಣ್ಣು ಮುಚ್ಚಿಕೊಂಡರಾಯ್ತು ಅಕ್ಕಾ."

ಮೂರನೆಯವನು ತೋಪಯ್ಯ. ಹಳ್ಳಿ ಹಳ್ಳಿ ತಿರುಗಿ ಒಲೆ ಹಾಕುವವನು. ಗಾಡಿ ಇಲ್ಲ, ನವಿಲಿಲ್ಲ, ಚಿಕ್ಕಪ್ಪ ಇಲ್ಲ. ಒಂದು ತಟ್ಟೆಯಲ್ಲಿ ನೀರು ಹಾಕಿ ನೆಲದ ಮೇಲಿಟ್ಟು, ಅದು ಅಲುಗುವುದು ನಿಲ್ಲುವವರೆಗೂ ನೋಡುತ್ತ ಕುಕ್ಕರುಗಾಲಲ್ಲಿ ಕೂತ. ಆಮೇಲೆ ತಲೆ ಎತ್ತಿ ಕೇಳಿದ, "ನಿಂತು ಬೇಯಿಸ್ತೀಯೋ, ಕೂತು ಬೇಯಿಸ್ತೀಯೋ, ಅವ್ವಾ?"

ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆ ಅವಳನ್ನು ಯಾರೂ ಕೇಳಿರಲಿಲ್ಲ. ಗಂಡ ಕೂಡ.

"ನಿಂತು" ಅಂದಳು. "ಹೊಗೆ?"

"ಗೋಡೆಯೊಳಗೇ ಕೊಳವೆ ಕಟ್ಟಿ ಸೂರಿನ ಮೇಲೆ ಬಿಡ್ತೀನಿ. ಅದರ ದಾರಿ ಅದು ನೋಡಿಕೊಳ್ಳುತ್ತೆ."

ಇವನೇ ಆಗಬೇಕು ಅಂತ ಸಿದ್ದಾಜಮ್ಮ ಅಲ್ಲೇ ತೀರ್ಮಾನ ಮಾಡಿದಳು. ಆದರೆ ತೀರ್ಮಾನ ಮಾಡುವವಳು ಅವಳಲ್ಲವಲ್ಲ. ಉಣ್ಣುವವನು ದೊರೆ, ದಿಕ್ಕು ನೋಡುವವರು ಜೋಯಿಸರು. ಬೇಯುವವಳು ಮಾತ್ರ ಇವಳು.

ಜೋಯಿಸರು ಅಂದರು, "ಮೂವರೂ ಹಿತ್ತಿಲಲ್ಲಿ ಒಂದೊಂದು ಒಲೆ ಹಾಕಲಿ. ಹದಿನೈದನೆಯ ದಿನ ಬೆಳಗ್ಗೆ ಹಾಲು ಉಕ್ಕಿಸೋಣ. ಯಾರ ಒಲೆಯ ಹಾಲು ಮೂಡಲಿಗೆ ಉಕ್ಕುತ್ತೋ ಅವನಿಗೇ ಕೆಲಸ. ಮೂಡಲಿಗೆ ಉಕ್ಕಿದರೆ ಭಾಗ್ಯ."

ಈಗ ಕೇಳಿ, ಇಲ್ಲೊಂದು ಗುಟ್ಟಿದೆ. ಆ ನಾಡಿನಲ್ಲಿ ಹಾಲು ಮೂಡಲಿಗೆ ಉಕ್ಕದಿದ್ದರೆ ಒಲೆ ಹಾಕಿದವನಿಗೆ ಕೂಲಿ ಇಲ್ಲ. ಅದಕ್ಕೇ ಒಲೆ ಹಾಕುವವರೆಲ್ಲ ಪಡುವಲ ಕಡೆ ಮೂರು ಬೆರಳು ಎತ್ತರಿಸಿ ಬಿಡೋರು. ಮತ್ತೆ ಹಾಲು ಎಲ್ಲಿಗೆ ಹೋಗುತ್ತೆ? ಮೂಡಲಿಗೇ. ಭಾಗ್ಯ ಬಂತು ಅಂತ ಮನೆಯವರು ಕೈ ಮುಗಿಯೋರು. ನಾಡಿಗೆ ನಾಡೇ ವಾಲಿದ ಒಲೆಯ ಮೇಲೆ ಬೇಯಿಸುತ್ತಿತ್ತು. ನಾವು ಎಲ್ಲರ ಮನೆ ದೋಸೆಯೂ ತೂತು ಅಂತೀವಿ. ಅಲ್ಲಿ ಎಲ್ಲರ ಮನೆ ದೋಸೆಯೂ ಡೊಂಕು. ಒಂದು ಕಡೆ ದಪ್ಪ, ಹಸಿ. ಇನ್ನೊಂದು ಕಡೆ ತೆಳು, ಕರಕಲು. ದೋಸೆ ಇರೋದೇ ಹಾಗೆ ಅಂತ ತಿಳಿದಿದ್ದರು, ಪಾಪ.

ಜಂಬಣ್ಣ ಮೂರು ಬೆರಳು ಎತ್ತರಿಸಿದ. ಕೆಂಪರಾಯ ನಮ್ಮವರು ಅನ್ನುವ ಪ್ರೀತಿಗೆ ನಾಲ್ಕು ಎತ್ತರಿಸಿದ. ತೋಪಯ್ಯ ತಟ್ಟೆಯ ನೀರು ನೋಡಿಕೊಂಡು ಸಮ ಇಟ್ಟ.

ಹದಿನಾಲ್ಕನೆಯ ದಿನ ಸಿದ್ದಾಜಮ್ಮ ಅವನ ಹತ್ತಿರ ಹೋಗಿ ಮೆತ್ತಗೆ ಅಂದಳು, "ಎರಡು ಬೆರಳಾದರೂ ವಾಲಿಸಪ್ಪಾ. ಇಲ್ಲದಿದ್ದರೆ ನಾಳೆ ನೀನು ಸೋಲ್ತೀಯ. ನೀನು ಸೋತರೆ ನನ್ನ ಕಣ್ಣು ಹೋಗುತ್ತೆ."

ತೋಪಯ್ಯ ಮಣ್ಣು ಮೆತ್ತುತ್ತಲೇ ಅಂದ, "ಒಂದು ಕಾಲದಲ್ಲಿ ನಾನೂ ವಾಲಿಸ್ತಿದ್ದೆ. ನಮ್ಮವ್ವನ ಒಲೆಯಿಂದ ಸಾರಿನ ಗಡಿಗೆ ಜಾರಿ ಅವಳ ಕಾಲ ಮೇಲೆ ಬಿತ್ತು. ನಿನ್ನ ಕಣ್ಣು ಉಳಿಸೋಕೆ ನಿನ್ನ ಕಾಲು ಸುಡಲಾ?"

"ಹಟಮಾರಿ" ಅಂದಳು.

"ನಮ್ಮವ್ವನೂ ಹಾಗೇ ಅನ್ನೋಳು."

ಬೆಳಗಾಯಿತು. ದೊರೆ ಬಂದ, ಜೋಯಿಸರು ಬಂದರು, ಊರೆಲ್ಲ ಬಂತು. ಜಂಬಣ್ಣನ ಒಲೆಯ ಮುಂದೆ ಸಿದ್ದಾಜಮ್ಮನಿಗೆ ಏಣಿ ಹಾಕಿಕೊಡಬೇಕಾಯಿತು. ಹಾಲು ಕಾಯಿತು, ಏರಿತು, ಮೂಡಲಿಗೆ ಉಕ್ಕಿತು. "ಭಾಗ್ಯ" ಅಂದರು ಜೋಯಿಸರು. ಕೆಂಪರಾಯನ ಒಲೆ. ಹಾಲು ಏರುವ ಮೊದಲೇ ಪಾತ್ರೆಯೇ ಮೂಡಲಿಗೆ ಹೊರಟಿತು. ಇಕ್ಕಳದಲ್ಲಿ ಹಿಡಿದು ನಿಲ್ಲಿಸಿದಳು. "ಮಹಾಭಾಗ್ಯ" ಅಂದರು. ಎರಡು ಒಲೆಯ ಹೊಗೆಗೂ ಅವಳ ಕಣ್ಣಲ್ಲಿ ನೀರು ಧಾರೆ ಧಾರೆ. ಆನಂದಬಾಷ್ಪ ಅಂತ ಊರವರು ಮೆಚ್ಚಿಕೊಂಡರು.

ತೋಪಯ್ಯನ ಒಲೆ. ಹೊಗೆ ಕೊಳವೆ ಹಿಡಿದು ಮೇಲಕ್ಕೆ ಹೋಯಿತು. ಕಣ್ಣು ಒಣಗಿತು. ಹಾಲು ದುಂಡಗೆ ಎದ್ದು ನಾಲ್ಕೂ ಕಡೆಗೆ ಒಂದೇ ಸಮ ಇಳಿಯಿತು.

ಜೋಯಿಸರು ಮೂಗು ಮುರಿದರು. "ತೆಂಕಲಿಗೂ ಬಿತ್ತು. ಯಮನ ದಿಕ್ಕು. ಇವನನ್ನು ಕಳಿಸಿ."

ಸಿದ್ದಾಜಮ್ಮ ಹಿಟ್ಟಿನ ಪಾತ್ರೆ ಎಳೆದುಕೊಂಡಳು. "ಒಡೆಯಾ, ಹಸಿದಿದ್ದೀರಿ. ಮೂರು ದೋಸೆ ತಿಂದು ಆಮೇಲೆ ತೀರ್ಪು ಕೊಡಿ" ಅಂದಳು. ಮೂರು ಒಲೆಯ ಮೇಲೂ ಒಂದೊಂದು ಹುಯ್ದಳು. ಮೊದಲನೆಯದು ಡೊಂಕು. ಎರಡನೆಯದು ದೋಸೆಯೋ ಕುಡುಗೋಲೋ ತಿಳಿಯದು. ಮೂರನೆಯದು ಹುಣ್ಣಿಮೆ ಚಂದ್ರ.

ದೊರೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದೇನು ಸಿದ್ದಾಜಿ, ದುಂಡಗಿದೆ? ಹುಷಾರಿಲ್ಲವಾ ಇದಕ್ಕೆ?"

"ತಿನ್ನಿ, ಒಡೆಯಾ."

ತಿಂದ. ಇನ್ನೊಂದು ಕೇಳಿದ. ಅದನ್ನೂ ತಿಂದ. "ಒಳ್ಳೇದಿದೆ. ಆದರೆ ಹಾಲು ಮೂಡಲಿಗೆ ಉಕ್ಕಲಿಲ್ಲವಲ್ಲ. ಹಿಂದಿನಿಂದ ಬಂದ ಪದ್ಧತಿ."

"ಉಳಿದ ಎರಡು ಒಲೆಯೂ ಡೊಂಕು, ಒಡೆಯಾ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಸಿದ್ದಾಜಮ್ಮ ಸಟ್ಟುಗ ಕೆಳಗಿಟ್ಟಳು. "ಆಗಲಿ ಬಿಡಿ. ಒಂದು ಮಾತು ಕೇಳ್ತೀನಿ. ನಮ್ಮ ಮೂಡಲಿಗೆ ಯಾರ ಸೀಮೆ?"

"ಡೊಣ್ಣೆರಾಯನದು. ನಮ್ಮ ದಾಯಾದಿ." ಆ ಹೆಸರು ಹೇಳುವಾಗ ದೊರೆಯ ಬಾಯಿ ಹಾಗಲಕಾಯಿ ತಿಂದಂತಾಯಿತು.

"ಅವರ ಎಮ್ಮೆಗಳು ಹೇಗಿವೆ?"

"ಆನೆ ಹಾಗಿವೆ."

"ಕೆರೆ?"

"ಕೋಡಿ ಬಿದ್ದಿದೆ."

"ಮಕ್ಕಳು?"

"ಏಳು ಗಂಡು. ಯಾಕೆ ಕೇಳ್ತೀಯ?"

"ಏನಿಲ್ಲ, ಒಡೆಯಾ. ನಿಮ್ಮ ಮುತ್ತಾತನ ಕಾಲದಿಂದ ಇಡೀ ನಾಡು ತನ್ನ ಭಾಗ್ಯವನ್ನೆಲ್ಲ ಆ ಕಡೆಗೇ ಉಕ್ಕಿಸುತ್ತ ಬಂದಿದೆ. ಹೋಗಿ ಸೇರಬೇಕಾದ ಕಡೆ ಸೇರಿದೆ, ಅಷ್ಟೇ."

ದೊರೆಯ ಮುಖ ಬೆಳ್ಳಗಾಯಿತು, ಕೆಂಪಗಾಯಿತು, ಕಪ್ಪಗಾಯಿತು. ಮೆಲ್ಲಗೆ ಜೋಯಿಸರ ಕಡೆ ತಿರುಗಿದ.

ಗಾಳಿ ಬಂದಾಗ ತೂರಿಕೊಳ್ಳಲಾರದವರು ಜೋಯಿಸರಾಗುತ್ತಾರೆಯೇ? "ಈಗಷ್ಟೇ ಶ್ಲೋಕ ನೆನಪಾಯಿತು, ಪ್ರಭು. ನಾಲ್ಕೂ ದಿಕ್ಕಿಗೆ ಸಮ ಉಕ್ಕಿದರೆ ಚಕ್ರವರ್ತಿ ಯೋಗ."

"ಯಾವ ಶ್ಲೋಕ?" ಅಂದಳು ಸಿದ್ದಾಜಮ್ಮ.

"ಉದ್ದ ಇದೆ ತಾಯಿ" ಅಂದರು ಜೋಯಿಸರು.

ಕೆಲಸ ತೋಪಯ್ಯನಿಗಾಯಿತು. ಜಂಬಣ್ಣ ನವಿಲುಗಳನ್ನು ಗಾಡಿಗೆ ಹತ್ತಿಸಿಕೊಂಡು ಹೋದ. ಕೆಂಪರಾಯ ಹೋಗಲಿಲ್ಲ, ನಮ್ಮವನಲ್ಲವೇ, ಊಟಕ್ಕೆ ಕೂತ. ಎರಡು ತಿಂಗಳಲ್ಲಿ ಹೊಸ ಅಡುಗೆಮನೆ ಎದ್ದಿತು. ಕಟ್ಟೆ ಸಿದ್ದಾಜಮ್ಮನ ಸೊಂಟಕ್ಕೆ ಸರಿಯಾಗಿ. ಹೊಗೆ ಸೂರಿನಾಚೆ. ಅವಳ ಕಣ್ಣು ತಿಳಿಯಾಯಿತು. ಸಾಸಿವೆ ಕಾಳು ಕಾಣಿಸಿತು, ಅದರ ಪಕ್ಕದ ಕಲ್ಲೂ ಕಾಣಿಸಿತು.

ಇನ್ನೂ ಏನೇನು ಕಾಣಿಸಿತು ಅಂತೀರಿ?

ಒಂದು ಮಧ್ಯಾಹ್ನ ಒಲೆಯ ಕಡೆಯಿಂದ ಹಿಂದಕ್ಕೆ ತಿರುಗಿದಳು. ಗೂಡಿನ ಹತ್ತಿರ ದೊರೆ ನಿಂತಿದ್ದ. ಕೈ ರವೆಉಂಡೆಯ ಡಬ್ಬಿಯಲ್ಲಿ, ಎರಡೂ ಕೆನ್ನೆ ಊದಿಕೊಂಡಿದ್ದವು. ದೊರೆಗೆ ಸಿಹಿ ಮುಟ್ಟಕೂಡದು ಅಂತ ಪಂಡಿತರು ಹೇಳಿ ಮೂರು ವರ್ಷವಾಗಿತ್ತು. ಹೊಟ್ಟೆ ಮಾತ್ರ ಇಳಿದಿರಲಿಲ್ಲ. ಗಾಳಿ ಕುಡಿದೇ ಬೊಜ್ಜು ಅಂತ ಊರು ಮರುಗುತ್ತಿತ್ತು. ಮೂರು ವರ್ಷ ದಿನಾ ಹೊಗೆಯ ಮರೆಯಲ್ಲಿ ಬೆಕ್ಕಿನ ಹಾಗೆ ಬಂದು ಹೋಗಿದ್ದ ಮಹಾರಾಯ, ಹೊಗೆ ಇಲ್ಲ ಅನ್ನುವುದನ್ನು ಇವತ್ತು ಮರೆತಿದ್ದ.

ಅವಳು ಅವನನ್ನು ನೋಡಿದಳು. ಅವನು ಅವಳನ್ನು ನೋಡಿದ. ಅಗಿಯಲೂ ಆಗದು, ಉಗಿಯಲೂ ಆಗದು.

ಸಿದ್ದಾಜಮ್ಮ ಒಣಗಿದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. "ಅಯ್ಯೋ, ಏನು ಹೊಗೆಯೋ. ಒಂದೂ ಕಾಣಲ್ಲ" ಅಂತ ಒಲೆಯ ಕಡೆ ತಿರುಗಿದಳು. ಸಾರು ತಿರುವುತ್ತ, ಗಡಿಗೆಗೆ ಹೇಳುವವಳ ಹಾಗೆ ಅಂದಳು, "ಈ ಗೋಡೆಗೊಂದು ಕಿಟಕಿ ಇದ್ದಿದ್ದರೆ ಚೆನ್ನಾಗಿತ್ತು."

ಬೆನ್ನ ಹಿಂದಿನಿಂದ ತುಂಬಿದ ಬಾಯಿ ಕೇಳಿತು, "ಯಾರಿಗೆ ಹೇಳಲಿ?"

"ಅದನ್ನು ನಾನು ಹೇಳ್ತೀನಿ, ಒಡೆಯಾ."

ಮಾರನೆಯ ದಿನ ನಾಡಿನಲ್ಲೆಲ್ಲ ಡಂಗುರ: ಯಾರ ಅಡುಗೆಮನೆಯನ್ನು ಯಾರು ಕಟ್ಟಬೇಕು ಅನ್ನುವುದನ್ನು ಇನ್ನು ಮುಂದೆ ಅಲ್ಲಿ ಬೇಯುವವರೇ ಹೇಳತಕ್ಕದ್ದು. ದೊರೆಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ಅಂತ ಜನ ಬೆರಗಾದರು. ಸಿದ್ದಾಜಮ್ಮ ರವೆಉಂಡೆ ಕಟ್ಟುತ್ತಿದ್ದಳು, ದಿನಕ್ಕೆ ಎರಡು ಹೆಚ್ಚಿಗೆ.

ಅವರು ಅಲ್ಲಿ ಉಂಡರು, ನಾವು ಇಲ್ಲಿ ಕೇಳಿದೆವು. ಕತೆಯ ಪಾತ್ರೆ ಇಳಿಸಿದ್ದೇನೆ, ಕೆಂಡಕ್ಕೆ ನೀರು ಹಾಕಿದ್ದೇನೆ. ತಟ್ಟೆ ತೊಳೆಯುವವರು ಯಾರು ಅಂತ ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳಿ.